ನಾಲಿಗೆಯ ಪಾಲು

ನಮ್ಮ ಗುಂಪಿನ ಕರುಗೊರಳನಿಗೆ ಇರುವುದು ಒಂದೇ ಕೆಲಸ: ಕರುವಿನ ತೊಗಲು ಹೊದ್ದು, ಹಿಂಡು ತಪ್ಪಿದ ಕರುವಿನಂತೆ ಕೂಗಿ, ಕಾಡೆಮ್ಮೆಗಳನ್ನು ಬೆನ್ನ ಹಿಂದೆ ಓಡಿಸಿಕೊಂಡು ಪ್ರಪಾತದ ಅಂಚಿಗೆ ಬಂದು, ಅವು ಕೆಳಗೆ ಬೀಳುವಾಗ ತಾನೊಬ್ಬ ಮಾತ್ರ ಬಂಡೆಯ ಸಂದಿಗೆ ಹಾರಿ ಉಳಿದುಕೊಳ್ಳುವುದು. ಕೆಲಸ ಮುಗಿದರೂ ಅವನು ಕರುವೇ. ನೊಣ ಕೂತರೆ ಕಿವಿ ಅಲ್ಲಾಡಿಸಲು ನೋಡುತ್ತಾನೆ, ನಿದ್ದೆಯಲ್ಲೂ ಸಣ್ಣಗೆ ಕೂಗುತ್ತಾನೆ. "ಮೊದ್ಲು ಮನುಷ್ಯರ ಥರ ಬಾಯ್ಬಿಡು, ಆಮೇಲೆ ಊಟ" ಎಂದು ಹೆಂಡತಿ ರೇಗುತ್ತಾಳೆ. ಬೇಟೆಯಾದ ದಿನ ಮಾತ್ರ ಅವನದು ಗಂಡುದನಿ: "ನಾಲಿಗೆ ನಂದು! ಯಾವನೂ ಮುಟ್ಟಂಗಿಲ್ಲ!" ಬಿದ್ದ ಕಾಡೆಮ್ಮೆಯ ಆ ನಾಲಿಗೆಯನ್ನು ಕೆಂಡದಲ್ಲಿ ಸುಟ್ಟು, ಕಣ್ಣು ಮುಚ್ಚಿ, ಚಂದ್ರ ಏರುವವರೆಗೂ ಮೆಲ್ಲುತ್ತಾನೆ. ಈಗೀಗ ಬಡಗಣ ಹಿಮದ ಗೋಡೆ ಹಿಂದೆ ಸರಿದಿದೆ. ಎದೆಮಟ್ಟ ಇದ್ದ ಹುಲ್ಲು ಹಿಮ್ಮಡಿಯನ್ನೂ ಮುಚ್ಚುವುದಿಲ್ಲ. ಬಯಲೆಲ್ಲ ಬಿಸಿಲಿನಲ್ಲಿ ನೀರಿನಂತೆ ಅಲುಗುತ್ತದೆ, ಹಿಂಡುಗಳು ಆ ಅಲುಗಾಟದೊಳಗೇ ಕರಗಿಹೋದವೋ ಏನೋ. ಆದರೂ ಅವನು ದಿನವೂ ಹೋಗಿ ಕೂಗುತ್ತಿದ್ದ. ಮೊನ್ನೆ ಒಂದೇ ಒಂದು ಬಡಕಲು ಕಾಡೆಮ್ಮೆ ಬಂತು. ಕೆಚ್ಚಲು ತುಂಬಿತ್ತು, ಜೊತೆಗೆ ಕರುವಿರಲಿಲ್ಲ. ನಾವು ಹಸಿದ ಹೊಟ್ಟೆಯಲ್ಲಿ ಬಂಡೆಗಳ ಹಿಂದೆ ಉಸಿರು ಬಿಗಿಹಿಡಿದು ಕೂತಿದ್ದೆವು. ಅದು ಅವನನ್ನು ಮೂಸಿ, ಹೊದ್ದ ತೊಗಲನ್ನೂ ಅವನ ಕೆನ್ನೆಯನ್ನೂ ನಿಧಾನವಾಗಿ ನೆಕ್ಕಿತು. ಅವನು ಓಡಿದ, ಅದು ನಂಬಿ ಹಿಂದೆಯೇ ಓಡಿತು. ಸಂಜೆ ಎಲ್ಲರೂ ಹೊಟ್ಟೆ ತುಂಬ ತಿಂದೆವು. ಹೆಂಡತಿ ಚಪ್ಪಟೆ ಕಲ್ಲಿನ ಮೇಲೆ ನಾಲಿಗೆಯನ್ನಿಟ್ಟು ಅವನ ಮುಂದೆ ಸರಿಸಿದಳು. "ತಗೋ, ನಿಂದೇ. ಯಾರೂ ಮುಟ್ಟಿಲ್ಲ." ಅವನು ಕೈ ಚಾಚಲಿಲ್ಲ, ಇನ್ನೂ ಒದ್ದೆಯಿದೆಯೇನೋ ಎಂಬಂತೆ ಕೆನ್ನೆಯನ್ನು ಸವರಿಕೊಳ್ಳುತ್ತಿದ್ದ.