ಬೂಸ್ಟ್ ಕಂಟ್ರೋಲರ್‌ಗೆ ಹೂ ಕೇಳಿದ್ದು

ನನ್ನ ಗಂಡನನ್ನು ಅವಿನಾಶಿ ರಸ್ತೆಯಲ್ಲಿ ಒಂದು ಹಲಸಿನ ಹಣ್ಣು ಓವರ್‌ಟೇಕ್ ಮಾಡಿತು.

ಹಣ್ಣು ಒಂದು ಹಳೆಯ ಡೀಸೆಲ್ ಕಾರಿನ ತಲೆಯ ಮೇಲೆ ಹಗ್ಗ ಬಿಗಿಸಿಕೊಂಡು ಕೂತಿತ್ತು. ಕಾರು ನನ್ನ ಅಕ್ಕನ ಗಂಡನದು. ಒಳಗೆ ಐದು ಜನ. ನಮ್ಮದು ಹೊಸ ಟರ್ಬೊ ಪೆಟ್ರೋಲ್ ಕಾರು, ಒಳಗೆ ನಾವಿಬ್ಬರೇ. ಭಾವ ಕಿಟಕಿಯಿಂದ ಕೈ ಬೀಸಿ ಮುಂದೆ ಹೋದರು. ಆದದ್ದು ಅಷ್ಟೇ. ಆದರೆ ಷಡ್ಡಕ ಕೈ ಬೀಸಿದರೆ ಗಂಡಸರಿಗೆ ಅದು ಕೆನ್ನೆಗೇ ಬಂದು ಬಿದ್ದಂತೆ ಆಗುತ್ತದೆ.

(ನನ್ನ ಗಂಡ ಲೋಗನಾಥ್ ಕೊಯಮತ್ತೂರಿನಲ್ಲೇ ಹುಟ್ಟಿ ಬೆಳೆದವರು. ಮನೆಮಾತು ತಮಿಳು ಬೆರೆತ ಕನ್ನಡ, ಆದರೆ ಓದಲು ಬರುವುದಿಲ್ಲ. ಈ ಅಂಕಣ ಇಷ್ಟು ವರ್ಷ ನಡೆದಿರುವುದೇ ಆ ಬಲದ ಮೇಲೆ.)

ಅಂದಿನಿಂದ ಶುರುವಾಯಿತು ಬೂಸ್ಟ್ ಕಂಟ್ರೋಲರ್ ಜಪ. ಏನದು ಅಂತೀರಾ? ನನಗೂ ಗೊತ್ತಿರಲಿಲ್ಲ. ಈಗ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುರುಕುವ ಸಾಧನ. ಆ ಒತ್ತಡವೇ ಬೂಸ್ಟ್. ಕಾರು ಮಾಡಿದವರು 'ಇಷ್ಟು ಸಾಕು' ಎಂದು ಒಂದು ಮಿತಿ ಇಟ್ಟಿರುತ್ತಾರೆ. 'ಇನ್ನೂ ಸ್ವಲ್ಪ ಇರಲಿ' ಎನ್ನುವವರು ಹಾಕಿಸಿಕೊಳ್ಳುವುದು ಕಂಟ್ರೋಲರ್. ಅದರಲ್ಲಿ ಕೈಯಿಂದ ತಿರುಗಿಸುವ ಪುಟ್ಟ ನಲ್ಲಿಯಂಥದ್ದೂ ಇದೆ. ಅದು ಅಗ್ಗ, ಹಾಗಾಗಿ ನಮ್ಮವರಿಗೆ ಬೇಡ. ಎಲೆಕ್ಟ್ರಾನಿಕ್ಕೇ ಆಗಬೇಕು. ಸ್ಟೀರಿಂಗ್ ಪಕ್ಕ ಒಂದು ಡಿಸ್‌ಪ್ಲೇ. ಒಂದು ಬಟನ್ ಒತ್ತಿದರೆ ಕಾರು ಸಾಧು, ಇನ್ನೊಂದು ಒತ್ತಿದರೆ ರಾಕ್ಷಸ.

ಹೆಣ್ಣು ನೋಡಲು ಬಂದಾಗ ಈ ಮನುಷ್ಯ ಒಂದು ಬೋಂಡಾ ತಿಂದು ಮುಗಿಸುವಷ್ಟರಲ್ಲಿ ನನ್ನನ್ನು ಒಪ್ಪಿದ್ದರು. ಕಂಟ್ರೋಲರ್ ಆರಿಸಲು ವಾರಗಟ್ಟಲೆ ವಿಡಿಯೊ. ಪ್ರತಿ ಗೇರಿಗೂ ಬೇರೆ ಬೇರೆ ಒತ್ತಡ ಇಡಬಹುದೇ? ಮಿತಿ ಮೀರಿದರೆ ತಾನೇ ಇಳಿಸಿಕೊಳ್ಳುತ್ತದೆಯೇ? ಡಿಸ್‌ಪ್ಲೇ ಬೆಳಕು ನೀಲಿಯೋ ಕೆಂಪೋ ಎಂಬುದಕ್ಕೇ ಒಂದು ಇಡೀ ಭಾನುವಾರ ಹೋಯಿತು.

ಒಂದು ಸಣ್ಣ ವಿಷಯ ಹೇಳಲು ಮರೆತೆ. ಆ ಕಾರನ್ನು ದಿನಾ ಓಡಿಸುವವಳು ನಾನು.

ಅವಿನಾಶಿ ಹತ್ತಿರದ ಒಂದು ಬನಿಯನ್ ಕಂಪನಿಯಲ್ಲಿ ಹೊಲಿಗೆ ಎಳೆದೆಳೆದು ಕ್ವಾಲಿಟಿ ನೋಡುವ ಕೆಲಸ ನನ್ನದು. ಇವರ ಆಫೀಸಿಗೆ ಸ್ಕೂಟರ್ ಸಾಕು. ಕಂಟ್ರೋಲರ್ ಹಾಕಿಸಿದ ಮೇಲೆ ಎಂಜಿನ್ ಕೆಟ್ಟರೆ ವಾರಂಟಿ ಕೊಟ್ಟವರು ಕೈ ಎತ್ತುತ್ತಾರೆ. ಆಗ ಗಾಂಧಿಪುರಂನಲ್ಲಿ ಬಸ್ಸು ಹತ್ತಿ ಕಂಬಿ ಹಿಡಿದು ನೇತಾಡುವವರು ಯಾರು? ಆ ಕಾರು ನನಗೆ ಬೇಕು, ಹೇಗಿದೆಯೋ ಹಾಗೇ ಬೇಕು. ಆದರೆ ನನ್ನನ್ನು ಯಾರೂ ಕೇಳಲಿಲ್ಲ.

ಕೇಳಿದ್ದು ಅತ್ತೆಯನ್ನು.

"ಕುಕ್ಕರ್ ವಿಸಿಲ್ ಇದೆಯಲ್ಲಮ್ಮಾ, ಅದು ಕೊಂಜಂ ಲೇಟಾಗಿ ಕೂಗೋ ತರ ಮಾಡೋದು. ಅಷ್ಟೇ ತಾನ್," ಎಂದರು ಲೋಗನಾಥ್.

ಅತ್ತೆ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿದರು. "ವಿಸಿಲ್ ಲೇಟಾದ್ರೆ ಕುಕ್ಕರ್ ಒಡಿಯಲ್ವೇನೋ? ನನಗೇನ್ ಗೊತ್ತಪ್ಪ. ಎದುಕ್ಕೂ ಇರ್ಲಿ, ಅವ್ವನತ್ರ ಹೂ ಕೇಳ್ಬಿಡೋಣ."

ಅವ್ವ ಎಂದರೆ ಮನೆದೇವತೆ ಚೌಡಮ್ಮ. ಗುಡಿ ಕುನ್ನತ್ತೂರಿನ ಆಚೆ. ಒಂದು ಎಲೆಯಲ್ಲಿ ಬಿಳಿ ಹೂ, ಇನ್ನೊಂದರಲ್ಲಿ ಕೆಂಪು ಹೂ ಮಡಚಿ ದೇವಿಯ ಪಾದದ ಬಳಿ ಇಡುತ್ತಾರೆ. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಬಿಳಿ ಬಂದರೆ ಸರಿ, ಕೆಂಪು ಬಂದರೆ ಬೇಡ. ಬೋರ್‌ವೆಲ್ಲು, ಹೊಸ ಮಗ್ಗ, ಸಂಬಂಧ, ಈ ಮನೆಯಲ್ಲಿ ಎಲ್ಲವೂ ಹಾಗೇ ತೀರ್ಮಾನವಾಗಿದೆ. (ನನಗೂ ಬಿಳಿ ಹೂವೇ ಬಂದಿತ್ತಂತೆ. ದೇವಿಯ ತೀರ್ಪನ್ನು ನಾನು ಪ್ರಶ್ನಿಸುವುದಿಲ್ಲ.)

ಲೋಗನಾಥ್ ಮೆಕ್ಯಾನಿಕಲ್ ಎಂಜಿನಿಯರ್. ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೂ ಹೋದೆವು. ಪೊಟ್ಟಣ ಕಟ್ಟುವ ಕೆಲಸವನ್ನು ತಾವೇ ವಹಿಸಿಕೊಂಡರು. ಅತ್ತೆ ಎತ್ತಿದರು. ಬಿಳಿ. ಅತ್ತೆಯ ಕಣ್ಣು ಒದ್ದೆಯಾಯಿತು. ಬಹುಶಃ ಭೂಮಿಯ ಮೇಲೆ ಮೊದಲ ಬಾರಿಗೆ ಒಂದು ಬೂಸ್ಟ್ ಕಂಟ್ರೋಲರ್‌ಗೆ ದೇವರ ಅಪ್ಪಣೆ ಸಿಕ್ಕಿತ್ತು. ಇವರು ಉಳಿದ ಪೊಟ್ಟಣವನ್ನು ಸರಕ್ಕನೆ ಶರ್ಟಿನ ಜೇಬಿಗೆ ಇಳಿಸಿದರು.

ಮರುದಿನ ಆ ಶರ್ಟನ್ನು ವಾಷಿಂಗ್ ಮೆಷಿನ್‌ಗೆ ಹಾಕುವವಳು ನಾನೇ ತಾನೆ? ಜೇಬು ನೋಡಿದೆ. ಪೊಟ್ಟಣ ಬಿಚ್ಚಿದೆ. ಅದರಲ್ಲೂ ಬಿಳಿ ಹೂವೇ.

"ಏನ್ರೀ ಇದು?" ಎಂದೆ.

"ಚುಮ್ಮಾ ತಮಾಷೆಗೆ. ಹೂವಿಗೇನ್ ಗೊತ್ತು ಟರ್ಬೊ ವಿಷ್ಯ?"

"ಹಾಗಾದ್ರೆ ಆರ್ಡರ್ ಮಾಡಿ."

ಮಾಡಲಿಲ್ಲ. ಸಂಜೆಯಾಯಿತು, ವಾರವಾಯಿತು, ಕಂಟ್ರೋಲರ್ ಆನ್‌ಲೈನ್ ಕಾರ್ಟಿನಲ್ಲೇ ಕೂತಿತ್ತು. ಫೋನು ತೆಗೆಯುವುದು, ಬೆರಳು ಚಾಚುವುದು, ಫೋನು ಇಡುವುದು. ದೇವಿಯನ್ನು ನಂಬದವರಿಗೆ ದೇವಿಗೆ ಮೋಸ ಮಾಡಿದ ಭಯ ಯಾಕೆ? ಕೇಳಿದರೆ, ಡಿಸ್ಕೌಂಟ್‌ಗೆ ಕಾಯುತ್ತಿದ್ದೇನೆ ಎಂದರು.

ಇತ್ತ ಅತ್ತೆ ಬಿಡುವವರೇ? ಬೆಳಗ್ಗೆ ಇಡ್ಲಿಯ ಜೊತೆಗೇ ಶುರು. "ಅದ್ನ ಕಾರಿಗೆ ಮಾಟ್ಟಿದ್ಯಾ ಲೋಗು? ಅವ್ವ ಸರಿ ಅಂದಾಯ್ತು. ಇನ್ನೂ ಹಾಕಿಸ್ದೆ ಇದ್ರೆ ಅವ್ವಂಗೆ ಮರ್ಯಾದೆನಾ?"

"ಇನ್ನೊಂದ್ ತಡವೆ ಹೂ ಕೇಳೋಣ್ವಾಮ್ಮಾ?"

"ಕೊಟ್ಟಿದ್ನೇ ಮತ್ತೆ ಕೇಳಿದ್ರೆ ಕೋಪ ಬರುತ್ತೆ ಅವ್ವಂಗೆ. ಆಡ್ತಿದ್ಯಾ ನೀನು?"

ಹಾಕಿಸಿದರೆ ಮೋಸದ ಪಾಪ. ಹಾಕಿಸದಿದ್ದರೆ ಅಪ್ಪಣೆ ಮೀರಿದ ಪಾಪ. ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ಒಂದು ಸಂಜೆ ಇವರು ಒಂದು ಮೊಳ ಮಲ್ಲಿಗೆ ಹಿಡಿದುಕೊಂಡು ಅಡುಗೆಮನೆಗೆ ಬಂದರು.

"ನೀನ್ ಬೇಡ ಅಂದ್ಬಿಡು ಅಮ್ಮನತ್ರ. ನೀನ್ ತಾನೇ ದಿನಾ ಓಡ್ಸೋದು? ನಿನ್ ಅಭಿಪ್ರಾಯ ತಾನ್ ಮುಖ್ಯ."

ಮೈಯೆಲ್ಲ ಉರಿಯಿತು. ಇಷ್ಟು ದಿನ ಎಲ್ಲಿತ್ತು ಈ ಮುಖ್ಯ? ನಾನು ಬೇಡ ಎಂದರೆ ಕಾರು ಉಳಿಯುತ್ತದೆ, ಆದರೆ ದೇವಿಯ ಮಾತು ಮೀರಿದ ಸೊಸೆ ಎಂಬ ಹಣೆಪಟ್ಟಿ ಜನ್ಮಕ್ಕಂಟುತ್ತದೆ. ಎರಡು ಬಿಳಿ ಹೂವಿನ ಕಥೆ ಹೇಳಿದರೆ ಅತ್ತೆ ಮಗನ ಮುಖ ನೋಡಲಾರರು. ಸುಮ್ಮನಿದ್ದರೆ ಈ ಮನುಷ್ಯ ಭಯಕ್ಕೆ ಹಾಕಿಸಿಯೇಬಿಡಬಹುದು.

ಅತ್ತೆಯ ಬಳಿ ಹೋಗಿ ಬೇಡ ಎಂದೆ.

"ಅವ್ವನೇ ಸರಿ ಅಂದ್ಮೇಲೆ ನಿಂಗೇನ್ ಕಷ್ಟ ಕಣ್ಣು?" ಎಂದಷ್ಟೇ ಹೇಳಿ ಅತ್ತೆ ಒಳಗೆ ಹೋದರು. (ಕಣ್ಣು ಎಂದರೆ ಇಲ್ಲಿ ಚಿನ್ನ, ಬಂಗಾರ ಎಂದಂತೆ.) ಆಮೇಲೆ ಮಿಕ್ಸಿ ಸುಟ್ಟಿತು. ಹಾಲು ಒಡೆಯಿತು. ನಲ್ಲಿಯಲ್ಲಿ ನೀರು ಬರಲಿಲ್ಲ. ಎಲ್ಲ ನನ್ನ ಖಾತೆಗೆ.

ಲೋಗನಾಥ್ ಮಾತ್ರ ಹಗುರವಾಗಿದ್ದಾರೆ. ನಿನ್ನೆ ಫೋನಿನಲ್ಲಿ ಭಾವನಿಗೆ ಹೇಳುತ್ತಿದ್ದರು: "ನನಗೆ ಓಕೆ ತಾನ್ ಅಣ್ಣ. ಅಮ್ಮನಿಗೂ ಓಕೆ. ಚೌಡಮ್ಮನೇ ಓಕೆ ಅಂದ್ಲು. ಇವಳು ತಾನ್ ಬಿಡ್ಲಿಲ್ಲ." ಆ ಕಡೆಯಿಂದ ಪಾಪ ಎನ್ನುವ ನಿಟ್ಟುಸಿರು ನನಗೂ ಕೇಳಿಸಿತು.

ಕಾರಂತೂ ಉಳಿಯಿತು. ಆದರೆ ಹೇಳಿ, ಹೆಂಡತಿಯ ಅಭಿಪ್ರಾಯ ಕೇಳಬೇಕಾದರೆ ಮೊದಲು ದೇವರಿಗೇ ಟೋಪಿ ಹಾಕಿರಬೇಕೇ?