ಪಿಯಾರಾ ವಾಟರ್ಸ್‌ಗೆ ಬಂದ ಮೂಗರ್ಜಿ

ಆಸ್ಟ್ರೇಲಿಯಾದ ಪರ್ತ್‌ನ ಪಿಯಾರಾ ವಾಟರ್ಸ್‌ ಬಡಾವಣೆಯಲ್ಲಿರುವ ತಂಗಿಯ ಮನೆಯಲ್ಲಿ ನಾನಿದ್ದಾಗ, ಅವಳ ಮಗಳು ನಿಧಿಯನ್ನು ಫುಟ್‌ಬಾಲ್ ತಂಡಕ್ಕೆ ಸೇರಿಸಿಕೊಳ್ಳಲು ಅಮೆರಿಕದ ಕಾಲೇಜೊಂದರ ಪ್ರತಿನಿಧಿ ಬಂದರು. ನಿಧಿ ಗೋಲ್‌ಕೀಪರ್. ಅಮೆರಿಕದ್ದೇ ಇನ್ನೊಂದು ಕಾಲೇಜೂ ಅವಳನ್ನು ಕರೆದಿತ್ತು. ನಾಲ್ಕು ವರ್ಷ ಎಲ್ಲಿ ಓದುವುದೆಂದು ಅವಳು ಶುಕ್ರವಾರದೊಳಗೆ ತಿಳಿಸಬೇಕಿತ್ತು.

ಆತ ತಮ್ಮ ಕಾಲೇಜಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಇನ್ನೊಂದು ಕಾಲೇಜಿನ ಕೋಚ್ ಮಹಾ ಮುಂಗೋಪಿ, ಆಕೆಯ ಕೆಲಸ ಹೋಗಲಿದೆ ಎನ್ನುವ ಮೂರು ಪತ್ರಿಕಾ ವರದಿಗಳನ್ನು ಚಕ್ಕುಲಿ ತಟ್ಟೆಯ ಪಕ್ಕ ಹರಡಿದರು. ತಂಗಿಯ ಮುಖ ಬಾಡಿತು.

ಯಾವ ಕಾಗದವನ್ನೂ ಮೇಲಿನಿಂದ ಕೆಳಗಿನವರೆಗೆ ಓದಬೇಕೆಂದು ಕಾನ್ವೆಂಟಿನಲ್ಲಿ ನಮಗೆ ಕಲಿಸಿದ್ದರು. ಓದಿದೆ. ಮೂರನ್ನೂ ಬರೆದವರು ಒಬ್ಬರೇ. ಪತ್ರಿಕೆಯೂ ಈತನ ಕಾಲೇಜಿರುವ ಊರಿನದೇ.

"ಇದು ನಿಮ್ಮೂರಿನ ಪತ್ರಿಕೆಯಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಅದು ಆಕಸ್ಮಿಕ, ಮೇಡಂ."

"ಅಯ್ಯೋ, ಇದು ಮೂಗರ್ಜಿ ಕಣಕ್ಕಾ! ಮದುವೆ ಮುರಿಯೋಕೆ ಬರೀತಾರಲ್ಲ, ಹಾಗೆ," ಎಂದಳು ತಂಗಿ. ಆತ ಅರ್ಥ ಕೇಳಿದರು. ಹೆಸರು ಹಾಕದೆ ಬರೆಯುವ ದೂರು ಎಂದು ನಿಧಿ ವಿವರಿಸಿದಳು.

"ಆದರೆ ಇದರಲ್ಲಿ ಹೆಸರಿದೆಯಲ್ಲ!" ಆತ ಗೆದ್ದವರಂತೆ ಬೆರಳಿಟ್ಟು ತೋರಿಸಿದರು.

"ಹೌದು. ನಮ್ಮ ಕಡೆ ಬರೆಯುವವರಿಗೆ ಅಷ್ಟಾದರೂ ನಾಚಿಕೆ ಇರುತ್ತದೆ," ಎಂದೆ.

"ದೊಡ್ಡಮ್ಮ, ಸ್ಟಾಪ್!" ಎಂದು ನಿಧಿ ಗದರಿದಳು. ಆದರೆ ಆತ ಹೋದ ಮೇಲೆ ಆ ಮುಂಗೋಪಿ ಕೋಚ್‌ಗೇ ಫೋನ್ ಮಾಡಿ, "ನೀವು ತುಂಬಾ ಬೈತೀರಂತೆ, ನಿಜವೇ?" ಎಂದು ಕೇಳಿದಳು.

"ಗೋಲು ಬಿಟ್ಟರೆ ಬೈತೀನಿ," ಎಂದರಂತೆ ಆಕೆ.

ನಿಧಿ ಅಲ್ಲಿಗೇ ಸೇರಿದಳು. ಬೈಗುಳ ಅವಳಿಗೆ ಹೊಸದೇನಲ್ಲ. ಸ್ಕೈಪಿನಲ್ಲಿ ಅವಳಿಗೆ ಗಣಿತ ಹೇಳಿಕೊಟ್ಟವಳು ನಾನು.