ಜಿಂಕೆಗಳು ನೀರಿಗೆ ಮರಳುವವರೆಗೆ

ಇವತ್ತು ಬೆಳಿಗ್ಗೆ ಪರದೇಶದ ಈ ಕ್ಲಾರ್ಕ್ಸ್‌ಬರ್ಗ್‌ನ ನಮ್ಮ ಮನೆಯ ಹಿಂದಿನ ಕಾಡುದಾರಿಯಲ್ಲಿ, ಹಿಮದೊಳಗೆ, ಜಿಂಕೆಯ ಉದುರಿದ ಕೊಂಬೊಂದು ಮಗಳಿಗೆ ಸಿಕ್ಕಿತು. "ಅಮ್ಮಾ, ಕೀಪ್ ಮಾಡ್ಲಾ?" ಎಂದಳು. ಕೈಗೆ ತೆಗೆದುಕೊಂಡೆ. ಚಿಕ್ಕವಳಿದ್ದಾಗ ಹಿಡಿದಿದ್ದ ಕೊಂಬಿನ ಅದೇ ಗಂಟುಗಂಟಾದ ಒರಟು.

ನಮ್ಮಪ್ಪ ಗುಂಡ್ಲುಪೇಟೆ ಕಡೆಯ ಕಾಡಿನಲ್ಲಿ ಅರಣ್ಯ ಇಲಾಖೆಯ ವಾಚರ್ ಆಗಿದ್ದರು. ಒಂದು ಬೇಸಿಗೆಯಲ್ಲಿ ನಾನು ಕೆರೆಯ ಬಳಿಯಿದ್ದ ಜಿಂಕೆ ಹಿಂಡನ್ನು ಓಡಿಸಿ, ಅಲ್ಲಿ ಬಿದ್ದಿದ್ದ ಕೊಂಬನ್ನು ಮನೆಗೆ ತಂದೆ. ಶಾಲೆಯ ವಸ್ತುಪ್ರದರ್ಶನದಲ್ಲಿ ಇಟ್ಟರೆ ಬಹುಮಾನ ಖಂಡಿತ ಎಂದುಕೊಂಡಿದ್ದೆ. ಕಾಡಿನಿಂದ ಕೊಂಬು ತರುವುದು ಅಪರಾಧವೆಂದೂ, ಅದು ವಾಚರ್ ಮನೆಯಲ್ಲೇ ಸಿಕ್ಕರೆ ಅಪ್ಪನ ಕೆಲಸ ಹೋಗುತ್ತದೆಂದೂ ನನಗೆ ಗೊತ್ತಿರಲಿಲ್ಲ.

ಕೊಂಬು ನೋಡಿದ ಅಪ್ಪ ಬೀಡಿ ಆರಿಸಿ, "ಎಲ್ಲಿ ಸಿಕ್ತು, ತೋರ್ಸು ಬಾ ಮಗಾ" ಎಂದರು. ಹಿಂಡು ಓಡಿಸಿದ್ದನ್ನು ದಾರಿಯಲ್ಲಿ ಹೇಳಿದೆ. ಕೆರೆಗೆ ಹೋಗಿ ಕೊಂಬನ್ನು ಅಲ್ಲೇ ಇಡಿಸಿದರು. "ಇದನ್ನ ಮುಳ್ಳಂದಿ ಕಡ್ದು ತಿಂತದೆ. ಅದು ಹೋಗ್ಲಿ, ಈ ಬಿಸ್ಲಲ್ಲಿ ನೀರ್ಗೆ ಅಂತ ಬಂದಿದ್ವಲ್ಲ, ಆ ಜಿಂಕೆಗ್ಳು ಕುಡಿದ್ವಾ?"

ಅವು ಮರಳುವುದನ್ನು ಕಾಯುತ್ತಾ ಇಬ್ಬರೂ ಪೊದೆಯ ಮರೆಯಲ್ಲಿ ಕುಳಿತೆವು. ಅಪ್ಪ ಹೆಗಲ ಮೇಲಿನ ಟವೆಲನ್ನು ನನ್ನ ತಲೆಗೆ ಹೊದಿಸಿದರು. ಬಹಳ ಹೊತ್ತಿನ ಮೇಲೆ ಒಂದು ಹೆಣ್ಣು ಜಿಂಕೆ ಹೆಜ್ಜೆ ಹೆಜ್ಜೆಗೂ ನಿಂತು ನೋಡುತ್ತಾ ಬಂದು ನೀರಿಗೆ ಬಾಯಿ ಹಾಕಿತು. ಹಿಂದೆಯೇ ಉಳಿದವೂ ಬಂದವು. "ಈಗ ಮನೆಗೆ ಹೋಗಾಣ" ಎಂದರು ಅಪ್ಪ. ಎರಡು ಮಾತು ಬೈದು ಮುಗಿಸಬಹುದಿತ್ತು. ಇಡೀ ಮಧ್ಯಾಹ್ನ ನನಗಾಗಿ ಕೊಟ್ಟರು. ಆ ಋಣ ಇನ್ನೂ ನನ್ನ ಮೇಲಿದೆ.

ಇದನ್ನೆಲ್ಲ ಕೇಳಿದ ಮಗಳು ನನ್ನ ಕೈಯಿಂದ ಕೊಂಬನ್ನು ತೆಗೆದುಕೊಂಡು ಹಿಮದ ಮೇಲಿಟ್ಟಳು. ಸ್ವಲ್ಪ ಮುಂದೆ, ದಾರಿಯ ಪಕ್ಕದಲ್ಲೇ ಮೂರು ಜಿಂಕೆಗಳು ಮಲಗಿದ್ದವು. ಅವಳು ನನ್ನ ಕೋಟು ಹಿಡಿದೆಳೆದು ಪಿಸುಗುಟ್ಟಿದಳು: "ಅಮ್ಮಾ, ಅವು ಸ್ಲೀಪ್ ಮಾಡ್ಲಿ. ನಾವು ಬೇರೆ ವೇನಲ್ಲಿ ಹೋಗೋಣ."